ಆಲ್ಡಸ್ ಮನುಟಿಯಸ್: ಪುಟಕ್ಕೊಂದು ಗುರುತು ಕೊಟ್ಟವನು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟ್ ರಿಪೋರ್ಟು ಬೈಂಡಿಂಗ್‌ಗೆ ಹೋಗುವ ಹಿಂದಿನ ರಾತ್ರಿ ಒಂದು ವಿಚಿತ್ರ ಕಂಡೆವು. ರಿಪೋರ್ಟನ್ನು ಲೇಟೆಕ್‌ನಲ್ಲಿ ಮಾಡಿದ್ದೆವು. ಪ್ರತಿ ಪುಟದ ತಲೆಯ ಮೇಲೆ, ಆ ಪುಟದಲ್ಲಿ ನಡೆಯುತ್ತಿರುವ ವಿಭಾಗದ ಹೆಸರು ತಾನಾಗಿ ಬರಲಿ ಅಂತ ಒಂದು ಮ್ಯಾಕ್ರೋ ಬರೆದುಕೊಂಡಿದ್ದೆವು. ಹೊಸ ವಿಭಾಗ ಶುರುವಾದಾಗಲೆಲ್ಲ ಅದರ ಹೆಸರನ್ನು ಒಂದು ಡಬ್ಬಿಯಲ್ಲಿ ಹಾಕಿಡೋದು, ಹೆಡರ್ ಬರೆಯುವಾಗ ಡಬ್ಬಿ ತೆಗೆದು ನೋಡೋದು. ಸಿ ಕಲಿತವರಿಗೆ ಇದಕ್ಕಿಂತ ಸುಲಭದ ದಾರಿ ತೋಚುವುದಿಲ್ಲ. ಆದರೆ ಒಂದು ಪುಟದ ತುಂಬ ಸರ್ಕ್ಯೂಟಿನ ವಿವರಣೆ ಇದೆ, ನೆತ್ತಿಯ ಮೇಲೆ ಮಾತ್ರ ಫಲಿತಾಂಶಗಳು ಅಂತ ಬಿದ್ದಿದೆ! ಫಲಿತಾಂಶಗಳು ಶುರುವಾಗೋದೇ ಮುಂದಿನ ಪುಟದಲ್ಲಿ.

ಈ ತಪ್ಪಿನ ಬಾಲ ಹಿಡಿದು ಹೊರಟವರು ಐನೂರು ವರ್ಷ ಹಿಂದಿನ ವೆನಿಸ್ ನಗರದ ಒಂದು ಅಚ್ಚುಕೂಟಕ್ಕೆ ಹೋಗಿ ನಿಂತೆವು. ಅದರ ಒಡೆಯ ಆಲ್ಡಸ್ ಮನುಟಿಯಸ್. ಹೆಸರು ಕೇಳಿಲ್ಲ ಅಂತೀರಾ? ನೀವು ಪ್ರತಿ ದಿನ ಅವನ ಅಂಗಡಿಯ ಸಾಮಾನು ಬಳಸುತ್ತಿದ್ದೀರಿ. ಕಂಟ್ರೋಲ್ ಮತ್ತು ಐ ಒತ್ತಿದರೆ ಬರುವ ಓರೆ ಅಕ್ಷರ, ಸಿ ಪ್ರೋಗ್ರಾಮಿನಲ್ಲಿ ಮರೆತು ಬೈಸಿಕೊಳ್ಳುವ ಸೆಮಿಕೋಲನ್, ಜೇಬಿನಲ್ಲಿ ಹಿಡಿಯುವ ಸಣ್ಣ ಪುಸ್ತಕ, ಇವೆಲ್ಲ ಆ ಅಂಗಡಿಯಿಂದಲೇ ಲೋಕಕ್ಕೆ ಬಂದವು ಅಥವಾ ಅಲ್ಲಿಂದ ಬಳಕೆಗೆ ಹರಡಿದವು.

ಆಲ್ಡಸ್ ಹುಟ್ಟಿದ್ದು 1450ರ ಆಸುಪಾಸು, ರೋಮ್‌ಗೆ ದಕ್ಷಿಣದಲ್ಲಿರುವ ಬಾಸಿಯಾನೊ ಎಂಬ ಗುಡ್ಡದೂರಿನಲ್ಲಿ. ಗುಟೆನ್‌ಬರ್ಗ್ ಜರ್ಮನಿಯಲ್ಲಿ ಬೈಬಲ್ ಅಚ್ಚುಹಾಕುವ ತಯಾರಿಯಲ್ಲಿದ್ದ ಕಾಲ ಅದು. ರೋಮ್‌ನಲ್ಲಿ ಲ್ಯಾಟಿನ್, ಆಮೇಲೆ ಫೆರಾರಾದಲ್ಲಿ ಗ್ರೀಕ್ ಕಲಿತ. ಶ್ರೀಮಂತ ವಿದ್ವಾಂಸ ಪಿಕೊ ದೆಲ್ಲಾ ಮಿರಾಂದೊಲಾನ ಸ್ನೇಹ ಸಿಕ್ಕಿತು. ಆ ಸ್ನೇಹದಿಂದಲೇ ಪಿಕೊನ ಅಕ್ಕನ ಮಕ್ಕಳಿಗೆ, ಅಂದರೆ ಕಾರ್ಪಿಯ ರಾಜಕುಮಾರರಿಗೆ, ಮನೆಮೇಷ್ಟ್ರಾದ. ಹೀಗೇ ಸುಖವಾಗಿ ಇದ್ದುಬಿಡಬಹುದಿತ್ತು. ಊಟ, ಮನೆ, ಮರ್ಯಾದೆ ಎಲ್ಲ ಇತ್ತು. ಆದರೆ ಹುಡುಗರಿಗೆ ಗ್ರೀಕ್ ಕಲಿಸಲು ಕೂತರೆ ಪುಸ್ತಕವೇ ಇಲ್ಲ. ಇದ್ದದ್ದು ಕೈಬರಹದ ಪ್ರತಿಗಳು. ಒಬ್ಬೊಬ್ಬ ನಕಲುಗಾರ ಒಂದೊಂದು ತಪ್ಪು ಸೇರಿಸಿದವು.

ಆ ಹೊತ್ತಿನ ಪರಿಸ್ಥಿತಿ ಸ್ವಲ್ಪ ತಿಳಿದರೆ ಅವನ ಚಡಪಡಿಕೆ ಅರ್ಥವಾಗುತ್ತದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು. ಗ್ರೀಕ್ ಬಲ್ಲ ಪಂಡಿತರು ಕೈಗೆ ಸಿಕ್ಕ ಹೊತ್ತಿಗೆಗಳನ್ನು ಕಟ್ಟಿಕೊಂಡು ಇಟಲಿ ಕಡೆ ಬಂದರು. ಬೆಸಾರಿಯೋನ್ ಎಂಬ ಕಾರ್ಡಿನಲ್ ತನ್ನ ದೊಡ್ಡ ಹಸ್ತಪ್ರತಿ ಸಂಗ್ರಹವನ್ನು 1468ರಲ್ಲಿ ವೆನಿಸ್‌ಗೆ ದಾನ ಕೊಟ್ಟ. ವೆನಿಸ್ ಸರ್ಕಾರ ಅದನ್ನು ಪೆಟ್ಟಿಗೆಗಳಲ್ಲಿ ತುಂಬಿ ಬಹುಕಾಲ ಹಾಗೇ ಇಟ್ಟಿತು. (ದಾನ ಬಂದ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಎಲ್ಲ ಕಾಲದ ಪದ್ಧತಿ ಅಂತ ಕಾಣುತ್ತೆ.) ಇರುವ ಒಂದೆರಡು ಪ್ರತಿ ಬೆಂಕಿಗೋ ಹುಳಕ್ಕೋ ಹೋದರೆ ಆ ಗ್ರಂಥವೇ ಇಲ್ಲವಾಗುತ್ತಿತ್ತು.

ನಲವತ್ತರ ಹತ್ತಿರ ಬಂದ ಮೇಷ್ಟ್ರು ಕೆಲಸ ಬಿಟ್ಟು ವೆನಿಸ್‌ಗೆ ಹೊರಟ. ಕೈಯಲ್ಲಿ ದುಡ್ಡಿಲ್ಲ, ಅಚ್ಚಿನ ಕೆಲಸ ಗೊತ್ತಿಲ್ಲ. ಆಂಡ್ರಿಯಾ ಟೊರೆಸಾನಿ ಎಂಬ ಪಳಗಿದ ಮುದ್ರಕ, ಬಾರ್ಬರಿಗೊ ಎಂಬ ದೊಡ್ಡ ಮನೆತನದವ, ಈ ಇಬ್ಬರು ಬಂಡವಾಳ ಹಾಕಿದರು. ದೊಡ್ಡ ಪಾಲು ಅವರದು, ತಲೆ ಇವನದು. ಇವತ್ತಿನ ಸ್ಟಾರ್ಟಪ್ ಲೆಕ್ಕಾಚಾರವೇ.

ಮೊದಲ ಪುಸ್ತಕ 1495ರಲ್ಲಿ ಬಂತು, ಲಾಸ್ಕರಿಸ್‌ನ ಗ್ರೀಕ್ ವ್ಯಾಕರಣ. ಅದೇ ವರ್ಷ ಅರಿಸ್ಟಾಟಲ್‌ನ ಕೃತಿಗಳನ್ನು ಮೂಲ ಗ್ರೀಕ್‌ನಲ್ಲಿ ಅಚ್ಚುಹಾಕಲು ಶುರುಮಾಡಿ 1498ಕ್ಕೆ ಐದು ಸಂಪುಟ ಮುಗಿಸಿದ. ಪೂರ್ತಿ ಸೆಟ್ಟಿನ ಬೆಲೆ 11 ಡ್ಯುಕಾಟ್. ಸಾಮಾನ್ಯ ವಿದ್ಯಾರ್ಥಿ ಮುಟ್ಟುವ ಬೆಲೆಯಲ್ಲ. ಆ ವರ್ಷವೇ ಪ್ಲೇಗ್ ಬಂತು. ಹಾಸಿಗೆ ಹಿಡಿದ ಆಲ್ಡಸ್, ಬದುಕಿದರೆ ಪಾದ್ರಿಯಾಗುತ್ತೇನೆ ಅಂತ ಹರಕೆ ಹೊತ್ತ. ಬದುಕಿದ. ಎದ್ದು ಕೂತ ಮೇಲೆ ಹರಕೆಯಿಂದ ಬಿಡುಗಡೆ ಕೊಡಿ ಅಂತ ಚರ್ಚಿಗೆ ಅರ್ಜಿ ಹಾಕಿ, ಬಿಡಿಸಿಕೊಂಡು ಮತ್ತೆ ಅಚ್ಚುಕೂಟಕ್ಕೆ ಬಂದ.

ಈಗ ನಮ್ಮ ವಿಷಯಕ್ಕೆ ಹತ್ತಿರದ ಪುಸ್ತಕ. 1499ರಲ್ಲಿ ಆಲ್ಡಸ್ ಪೆರೊಟ್ಟಿ ಎಂಬ ವಿದ್ವಾಂಸನ ಕಾರ್ನುಕೋಪಿಯೆ ಎಂಬ ದಪ್ಪ ಗ್ರಂಥವನ್ನು ಅಚ್ಚುಹಾಕಿದ. ಅದು ಹೆಸರಿಗೆ ಮಾರ್ಷಿಯಲ್ ಎಂಬ ಕವಿಯ ಮೇಲಿನ ವ್ಯಾಖ್ಯಾನ. ಆದರೆ ಒಂದೊಂದು ಪದ ಹಿಡಿದು ಸಿಕ್ಕಿದ್ದನ್ನೆಲ್ಲ ಹೇಳುತ್ತಾ ಹೋಗುವುದರಿಂದ ಜನ ಅದನ್ನು ಲ್ಯಾಟಿನ್ ನಿಘಂಟಿನ ಹಾಗೆ ಬಳಸುತ್ತಿದ್ದರು. ತೊಂದರೆ ಏನೆಂದರೆ ನಿಘಂಟಿಗೆ ಇರುವ ಅಕಾರಾದಿ ಇದಕ್ಕಿಲ್ಲ. ಬೇಕಾದ ಪದ ಯಾವ ಮೂಲೆಯಲ್ಲಿದೆಯೋ ದೇವರಿಗೇ ಗೊತ್ತು. ಆಲ್ಡಸ್ ಏನು ಮಾಡಿದ ಅಂದರೆ, ಹಾಳೆಯ ಎರಡೂ ಬದಿಗೆ ಪುಟಸಂಖ್ಯೆ ಹಾಕಿದ, ಪುಟದ ಸಾಲುಗಳಿಗೂ ಸಂಖ್ಯೆ ಕೊಟ್ಟ, ಪುಸ್ತಕಕ್ಕೆ ಪದಸೂಚಿ ಮಾಡಿ ಪದದ ಮುಂದೆ ಪುಟ ಮತ್ತು ಸಾಲಿನ ಸಂಖ್ಯೆ ಬರೆದ. ಅದಕ್ಕೂ ಹಿಂದೆ ಸಂಖ್ಯೆ ಹಾಕುವವರು ಸಾಮಾನ್ಯವಾಗಿ ಹಾಳೆಗೊಂದು ಹಾಕುತ್ತಿದ್ದರು, ಪುಟಕ್ಕಲ್ಲ. ಎಷ್ಟೋ ಪುಸ್ತಕಕ್ಕೆ ಅದೂ ಇರಲಿಲ್ಲ. ಅವನು ಬಳಸಿದ್ದು ರೋಮನ್ ಅಂಕಿಗಳನ್ನಲ್ಲ. ನಮ್ಮ ನೆಲದಲ್ಲಿ ಹುಟ್ಟಿ ಅರಬರ ಕೈದಾಟಿ ಯುರೋಪಿಗೆ ಹೋದ ಅಂಕಿಗಳನ್ನು.

ಇದೇನು ಮಹಾ ಅನಿಸಬಹುದು. ಕೈಬರಹದ ಕಾಲ ನೆನೆಸಿಕೊಳ್ಳಿ. ನನ್ನ ಪ್ರತಿಯ 40ನೇ ಪುಟದಲ್ಲಿ ಇರುವುದು ನಿಮ್ಮ ಪ್ರತಿಯ 53ರಲ್ಲಿ ಇರುತ್ತದೆ, ಏಕೆಂದರೆ ಬರೆದ ಕೈ ಬೇರೆ, ಹಾಳೆಯ ಅಳತೆ ಬೇರೆ. ಪುಟಸಂಖ್ಯೆ ಹೇಳಿ ಉಪಯೋಗವೇ ಇಲ್ಲ. ಅಚ್ಚು ಬಂದ ಮೇಲೆ ಒಂದು ಮುದ್ರಣದ ಪ್ರತಿಗಳೆಲ್ಲ ಒಂದೇ ಥರ. ವೆನಿಸ್‌ನವನು ಪುಟ, ಸಾಲು ಬರೆದು ಕಳಿಸಿದರೆ ಪ್ಯಾರಿಸ್‌ನವನು ನೇರ ಅದೇ ಜಾಗ ತೆಗೆಯಬಹುದು. ಅಚ್ಚಿನಿಂದ ಈ ಅನುಕೂಲ ಬಂದಿದೆ ಅನ್ನುವುದನ್ನು ಪೂರ್ತಿಯಾಗಿ ಬಳಸಿಕೊಂಡವರಲ್ಲಿ ಆಲ್ಡಸ್ ಮೊದಲಿಗರಲ್ಲಿ ಒಬ್ಬ.

ಪುಟದ ನೆತ್ತಿಯ ಮೇಲಿನ ಹೆಸರು ಮಾತ್ರ ಅವನ ಸೃಷ್ಟಿಯಲ್ಲ, ಅದನ್ನು ಅವನ ಲೆಕ್ಕಕ್ಕೆ ಸೇರಿಸಬಾರದು. 13ನೇ ಶತಮಾನದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಪುಸ್ತಕ ನಕಲು ಮಾಡುತ್ತಿದ್ದವರೇ ಬೈಬಲ್ಲಿನ ಪುಟಗಳ ತಲೆಯಲ್ಲಿ ಕೆಂಪು, ನೀಲಿ ಶಾಯಿಯಿಂದ ಯಾವ ಭಾಗ ನಡೆಯುತ್ತಿದೆ ಅಂತ ಬರೆಯುತ್ತಿದ್ದರು. ಅಂದರೆ ಅದು ಹುಟ್ಟಿದ್ದೂ ಪರೀಕ್ಷೆಗೆ ಓದುವವರ ಅವಸರದಿಂದ, ಪುಟ ತಿರುವುತ್ತಾ ಬೇಗ ಹುಡುಕಲಿ ಅಂತ. ಕೈಬರಹದಲ್ಲಿ ಅದು ಸುಲಭ. ಪುಟ ಬರೆದು ಮುಗಿದ ಮೇಲೆ ಏನಿದೆ ಅಂತ ನೋಡಿ ಮೇಲೆ ಹೆಸರು ಬರೆದರಾಯಿತು. ಮೊಳೆ ಜೋಡಿಸುವ ಕಾಲದಲ್ಲಿ ಏನಾಯಿತು ಅನ್ನೋದಕ್ಕೆ ಆಲ್ಡಸ್‌ನ ಅಂಗಡಿಯ ಒಂದು ದೃಶ್ಯ ಬೇಕು. ಅದು ಆಮೇಲೆ.

ಅಕ್ಷರದ ಕಥೆ ಮೊದಲು. ಅಂಗಡಿಯ ಅಚ್ಚುಮೊಳೆಗಳನ್ನು ಕೆತ್ತುತ್ತಿದ್ದವನು ಬೊಲೋನ್ಯಾದ ಫ್ರಾಂಚೆಸ್ಕೊ ಗ್ರಿಫೊ. 1496ರಲ್ಲಿ ಪಿಯೆಟ್ರೊ ಬೆಂಬೊ ಎಂಬ ಯುವಕ ಎಟ್ನಾ ಜ್ವಾಲಾಮುಖಿ ಹತ್ತಿದ ಬಗ್ಗೆ ಬರೆದ ಚಿಕ್ಕ ಪುಸ್ತಕಕ್ಕೆ ಗ್ರಿಫೊ ಕೆತ್ತಿದ ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ, 1929ರಲ್ಲಿ ಮೋನೊಟೈಪ್ ಕಂಪನಿ ಅದನ್ನೇ ಮಾದರಿ ಮಾಡಿಕೊಂಡು ಬೆಂಬೊ ಎಂಬ ಫಾಂಟ್ ತಂದಿತು. ಸೆಮಿಕೋಲನ್ ಮೊದಲು ಕಾಣಿಸಿಕೊಂಡದ್ದೂ ಆ ಪುಸ್ತಕದಲ್ಲೇ. 1501ರಲ್ಲಿ ವರ್ಜಿಲ್ ಕವಿಯ ಕಾವ್ಯ ಬಂತು. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ಆ ಅಳತೆಯ ಪುಟ್ಟ ಪುಸ್ತಕ, ಉದ್ದಕ್ಕೂ ವ್ಯಾಖ್ಯಾನದ ಹೊರೆಯಿಲ್ಲದ ಬರೀ ಕಾವ್ಯ, ಅಕ್ಷರವೋ ವಿದ್ವಾಂಸರ ಕೈಬರಹದ ಹಾಗೆ ಓರೆ. ಇಟಲಿಯಿಂದ ಬಂದದ್ದರಿಂದ ಅದಕ್ಕೆ ಇಟಾಲಿಕ್ ಅಂತ ಹೆಸರಾಯಿತು. (ಕನ್ನಡದಲ್ಲಿ ಈ ಸಂಪ್ರದಾಯ ಇರಲಿಲ್ಲ. ನಾವು ಕಂಟ್ರೋಲ್ ಐ ಒತ್ತಿದಾಗ ಸಾಫ್ಟ್‌ವೇರು ನೆಟ್ಟಗಿದ್ದ ಅಕ್ಷರವನ್ನು ಹಿಡಿದು ವಾಲಿಸುತ್ತದೆ ಅಷ್ಟೆ. ಅದಕ್ಕೇ ಅದು ಗಾಳಿಗೆ ಬಾಗಿದ ಕಂಬದ ಹಾಗೆ ಕಾಣುತ್ತೆ.)

ಇಲ್ಲಿ ನಮಗೆ ಆಲ್ಡಸ್ ಮೇಲೆ ಸ್ವಲ್ಪ ಬೇಸರವಿದೆ. ಆ ವರ್ಜಿಲ್ ಪುಸ್ತಕದಲ್ಲಿ ಗ್ರಿಫೊನನ್ನು ಹೊಗಳಿ ಮೂರು ಸಾಲಿನ ಪದ್ಯ ಹಾಕಿದ, ನಿಜ. ಆದರೆ ಓರೆ ಅಕ್ಷರದ ಹಕ್ಕನ್ನು ವೆನಿಸ್ ಸರ್ಕಾರದಿಂದ ಪಡೆದದ್ದು ತನ್ನ ಹೆಸರಿಗೆ. ಕೆತ್ತಿದವನು ಅದೇ ಅಕ್ಷರವನ್ನು ಆ ಊರಿನಲ್ಲಿ ಇನ್ನೊಬ್ಬರಿಗೆ ಕೆತ್ತಿಕೊಡುವ ಹಾಗಿಲ್ಲ. ಗ್ರಿಫೊ ಜಗಳವಾಡಿ ಬಿಟ್ಟುಹೋದ, ಬೇರೆ ಊರಿನ ಮುದ್ರಕರಿಗೆ ಕೆಲಸ ಮಾಡಿದ. ಕೊನೆಗೆ ಬೊಲೋನ್ಯಾದಲ್ಲಿ, ಕಬ್ಬಿಣದ ಸರಳಿನಿಂದ ಹೊಡೆದು ಅಳಿಯನನ್ನು ಕೊಂದ ಆರೋಪ ಅವನ ಮೇಲೆ ಬಂತು. ಅಲ್ಲಿಂದಾಚೆ ಅವನ ಸುದ್ದಿಯಿಲ್ಲ. ನಮ್ಮ ಕಂಪ್ಯೂಟರ್ ಪರದೆಯ ಮೇಲಿನ ರೋಮನ್ ಅಕ್ಷರಗಳ ಅರ್ಧ ವಂಶವೃಕ್ಷ ಅವನ ಕೈಯಿಂದ ಬಂದದ್ದು.

ಹಕ್ಕುಪತ್ರ ಇದ್ದರೂ ಕಳ್ಳರು ಬಿಡಲಿಲ್ಲ. ಫ್ರಾನ್ಸಿನ ಲಿಯೋನ್ ನಗರದ ಮುದ್ರಕರು ಅದೇ ಅಳತೆ, ಅದೇ ಥರದ ಓರೆ ಅಕ್ಷರದಲ್ಲಿ ಆಲ್ಡಸ್‌ನ ಪುಸ್ತಕಗಳನ್ನು ನಕಲು ಹೊಡೆದು ಮಾರತೊಡಗಿದರು. 1503ರ ಮಾರ್ಚಿನಲ್ಲಿ ಆಲ್ಡಸ್ ಸಿಟ್ಟಿನಿಂದ ಒಂದು ಎಚ್ಚರಿಕೆ ಪತ್ರ ಅಚ್ಚುಹಾಕಿ ಹಂಚಿದ. ನಕಲಿನ ಕಾಗದ ಕೆಟ್ಟ ವಾಸನೆ ಹೊಡೆಯುತ್ತದೆ, ಅಕ್ಷರ ಸರಿಯಿಲ್ಲ, ಇಂತಿಂಥ ಪುಸ್ತಕದಲ್ಲಿ ಇಂತಿಂಥ ತಪ್ಪುಗಳಿವೆ, ನೋಡಿಕೊಂಡು ಕೊಳ್ಳಿ ಅಂತ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿದ. ಲಿಯೋನಿನವರು ಆ ಪತ್ರ ತರಿಸಿಕೊಂಡು, ಪಟ್ಟಿ ಎದುರಿಗಿಟ್ಟುಕೊಂಡು, ತಮ್ಮ ಮುಂದಿನ ಮುದ್ರಣದಲ್ಲಿ ಅಷ್ಟೂ ತಪ್ಪು ತಿದ್ದಿಕೊಂಡರು! ಪುಕ್ಕಟೆ ಬಗ್ ರಿಪೋರ್ಟು. ಅದೇ ಪತ್ರದಲ್ಲಿ ತನ್ನ ಕೆಲಸಗಾರರು ನಾಲ್ಕು ಸಲ ಒಟ್ಟುಸೇರಿ ತನ್ನ ಮೇಲೆ ತಿರುಗಿಬಿದ್ದರೆಂದೂ ದೂರಿದ್ದಾನೆ. ಅವರ ಕಡೆಯ ಕಥೆ ಬರೆದಿಟ್ಟವರಿಲ್ಲ.

1505ರಲ್ಲಿ, ಐವತ್ತು ದಾಟಿದ ಮೇಲೆ, ಪಾಲುದಾರ ಟೊರೆಸಾನಿಯ ಮಗಳು ಮರಿಯಾಳನ್ನು ಮದುವೆಯಾದ. ಮರುವರ್ಷ ವರ್ಜಿಲ್‌ನ ಹಳೆಯ ಪ್ರತಿಗಳನ್ನು ಹುಡುಕುತ್ತಾ ಲೊಂಬಾರ್ಡಿಯಲ್ಲಿ ಸುತ್ತುತ್ತಿದ್ದಾಗ ಮಾಂಟುವಾದ ಗಡಿ ಕಾವಲುಗಾರರು ಎದುರಾದರು. ಜೊತೆಗಿದ್ದವನು ಅವರನ್ನು ಕಂಡು ಓಟ ಕಿತ್ತ, ಪಾಪದ ಮೇಷ್ಟ್ರು ಸಿಕ್ಕಿಬಿದ್ದು ಕೆಲವು ದಿನ ಸೆರೆಮನೆಯಲ್ಲಿ ಕೂತ.

ಇನ್ನು ಆ ದೃಶ್ಯ. 1507ರ ಕೊನೆಗೆ ಡಚ್ ವಿದ್ವಾಂಸ ಎರಾಸ್ಮಸ್ ವೆನಿಸ್‌ಗೆ ಬಂದ. ಗ್ರೀಕ್, ಲ್ಯಾಟಿನ್ ಗಾದೆಗಳ ಸಂಗ್ರಹವೊಂದನ್ನು ದೊಡ್ಡದಾಗಿ ಬೆಳೆಸಿ ಆಲ್ಡಸ್‌ನಿಂದ ಅಚ್ಚುಹಾಕಿಸುವ ಆಸೆ. ಟೊರೆಸಾನಿಯ ಮನೆಯಲ್ಲೇ ಇಳಿದುಕೊಂಡ. ಆ ಮನೆಯ ಊಟ ಎಷ್ಟು ಬಡವಾಗಿತ್ತೆಂದು ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಒಂದು ವಿಡಂಬನೆಯನ್ನೇ ಬರೆದ. ಹಾಸ್ಟೆಲ್ ಮೆಸ್ ಬಗ್ಗೆ ನಾವು ಬರೆಯುವ ಹಾಗೆ. ಪುಸ್ತಕ ಪೂರ್ತಿ ಬರೆದು ಮುಗಿಸಿ ಕೊಡಲಿಲ್ಲ ಅವನು. ಅಚ್ಚುಕೂಟದ ಗದ್ದಲದ ಒಂದು ಮೂಲೆಯಲ್ಲಿ ಕೂತು ನೆನಪಿನಿಂದಲೂ ಸುತ್ತಲಿದ್ದ ಹಸ್ತಪ್ರತಿಗಳಿಂದಲೂ ಬರೆಯುತ್ತಾ ಹೋದ. ಬರೆದ ಹಾಳೆಗಳು ಒಂದೊಂದೇ ಮೊಳೆ ಜೋಡಿಸುವವರ ಕೈಗೆ ಹೋದವು. ಜೋಡಿಸಿದ್ದು ಕರಡಾಗಿ ಬಂತು, ತಿದ್ದಿದ್ದು ಯಂತ್ರಕ್ಕೆ ಹೋಯಿತು. ಕರಡು ತಿದ್ದಲು ಸಂಬಳದ ಆಳು ಇದ್ದ, ಎರಾಸ್ಮಸ್ ಕೂಡ ನೋಡುತ್ತಿದ್ದ, ಆಮೇಲೂ ಆಲ್ಡಸ್ ಕೂತು ಓದುತ್ತಿದ್ದ. ನಿಮಗೇಕೆ ಈ ಶ್ರಮ ಅಂತ ಎರಾಸ್ಮಸ್ ಕೇಳಿದ್ದಕ್ಕೆ, ಓದಿ ಕಲಿಯುತ್ತಿದ್ದೇನೆ ಅಂದನಂತೆ. 1508ರ ಸೆಪ್ಟೆಂಬರಿನಲ್ಲಿ ಪುಸ್ತಕ ಹೊರಬಂದಾಗ ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಗಾದೆಗಳಿದ್ದವು.

ಈ ಅಂಗಡಿಯಲ್ಲಿ ಒಬ್ಬ ಹೊಸ ಹುಡುಗ ಇದ್ದಾನೆ ಅಂದುಕೊಳ್ಳಿ. ಯಂತ್ರಕ್ಕೆ ಹೋಗುವ ಪುಟದ ತಲೆಬರಹ ಅವನು ಜೋಡಿಸಬೇಕು. ಈಗ ಯಾವ ಭಾಗ ನಡೆಯುತ್ತಿದೆ ಅಂತ ಮೂಲೆಗೆ ಓಡಿ ಎರಾಸ್ಮಸ್‌ನನ್ನು ಕೇಳುತ್ತಾನೆ. ಎರಾಸ್ಮಸ್ ತಾನು ಬರೆಯುತ್ತಿರುವ ಭಾಗದ ಹೆಸರು ಹೇಳುತ್ತಾನೆ. ಸುಳ್ಳೇನೂ ಅಲ್ಲ. ಆದರೆ ಯಂತ್ರದ ಮೇಲಿರುವ ಪುಟ ಅವನು ಎಂದೋ ಬರೆದು ಮುಗಿಸಿದ್ದು. ಹುಡುಗನ ತಲೆಬರಹ ತಪ್ಪಾಯಿತು. ಅವನು ನೋಡಬೇಕಾದದ್ದು ಎರಾಸ್ಮಸ್‌ನ ಮುಖವನ್ನಲ್ಲ, ಎದುರಿಗಿರುವ ಪುಟದೊಳಗಿನ ಮೊಳೆಗಳನ್ನು.

ನಮ್ಮ ರಿಪೋರ್ಟಿನಲ್ಲಿ ಆಗಿದ್ದು ಇದೇ. ಟೆಕ್ ಎಂಬ ಮೂಲ ಯಂತ್ರ ನಮ್ಮ ಫೈಲನ್ನು ಮುಂದೆ ಮುಂದೆ ಓದುತ್ತಾ ಪ್ಯಾರಾಗಳನ್ನು ಸಾಲುಮಾಡಿ ಒಂದು ಉದ್ದನೆಯ ಪಟ್ಟಿಗೆ ಸೇರಿಸುತ್ತಾ ಹೋಗುತ್ತದೆ. ಪುಟಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸೇರಿದ ಮೇಲೆ, ಹಿಂದಕ್ಕೆ ನೋಡಿ, ಎಲ್ಲಿ ಕತ್ತರಿಸಿದರೆ ಚೆನ್ನ ಅಂತ ತೀರ್ಮಾನಿಸುತ್ತದೆ. ಫಲಿತಾಂಶಗಳು ಎಂಬ ಶೀರ್ಷಿಕೆ ಪುಟದ ತಳದಲ್ಲಿ ಒಂಟಿಯಾಗಿ ಉಳಿಯಬಾರದೆಂದು ಅದನ್ನು ಮುಂದಿನ ಪುಟಕ್ಕೆ ತಳ್ಳಿತು. ಆದರೆ ಅಷ್ಟರಲ್ಲಿ ನಮ್ಮ ಡಬ್ಬಿಯಲ್ಲಿ ಹೊಸ ಹೆಸರು ಬಿದ್ದಾಗಿತ್ತು. ಹಿಂದಿನ ಪುಟದ ಹೆಡರು ಡಬ್ಬಿ ತೆಗೆದು ನೋಡಿ ಅದನ್ನೇ ಬರೆಯಿತು. ಓದುವ ಕೈಯೇ ಬೇರೆ, ಪುಟ ಕಟ್ಟುವ ಕೈಯೇ ಬೇರೆ.

ಟೆಕ್ ಇದಕ್ಕೆ ಇಟ್ಟಿರುವ ಉಪಾಯ ಮಾರ್ಕ್ ಎಂಬ ಕಣ್ಣಿಗೆ ಕಾಣದ ಚೀಟಿ. ಪ್ರತಿ ವಿಭಾಗದ ಶೀರ್ಷಿಕೆಯ ಜೊತೆ, ಆ ಹೆಸರು ಬರೆದ ಒಂದು ಚೀಟಿಯನ್ನೂ ಪಟ್ಟಿಯೊಳಗೆ ಸಿಕ್ಕಿಸಲಾಗುತ್ತದೆ. ಶೀರ್ಷಿಕೆ ಮುಂದಿನ ಪುಟಕ್ಕೆ ಹೋದರೆ ಚೀಟಿಯೂ ಅದರ ಜೊತೆಗೇ ಹೋಗುತ್ತದೆ. ಪುಟ ಕತ್ತರಿಸಿದ ಮೇಲೆ ಆ ಪುಟದಲ್ಲಿ ಸಿಕ್ಕ ಮೊದಲ ಚೀಟಿ ಯಾವುದು, ಕೊನೆಯ ಚೀಟಿ ಯಾವುದು, ಹಿಂದಿನ ಪುಟ ಮುಗಿಯುವಾಗ ಯಾವುದು ನಡೆಯುತ್ತಿತ್ತು, ಈ ಮೂರನ್ನೂ ಅದು ಹೇಳಬಲ್ಲದು. ಪುಟದಲ್ಲಿ ಹೊಸ ಚೀಟಿಯೇ ಇಲ್ಲದಿದ್ದರೆ ಹಿಂದಿನದೇ ಮುಂದುವರಿಯುತ್ತದೆ. ಲೇಟೆಕ್‌ನ ಬುಕ್ ಕ್ಲಾಸಿನಲ್ಲಿ ಅಧ್ಯಾಯದ ಹೆಸರಿಗೆ ಲೆಫ್ಟ್‌ಮಾರ್ಕ್, ವಿಭಾಗದ ಹೆಸರಿಗೆ ರೈಟ್‌ಮಾರ್ಕ್ ಎಂಬ ಆದೇಶಗಳು ಈ ಚೀಟಿಗಳನ್ನೇ ಓದುತ್ತವೆ. ಲೆಫ್ಟ್‌ಮಾರ್ಕ್ ಪುಟದ ಕೊನೆಯ ಚೀಟಿಯನ್ನು, ರೈಟ್‌ಮಾರ್ಕ್ ಮೊದಲನೆಯದನ್ನು. ನಿಘಂಟಿನ ಪುಟದ ಮೇಲೆ ಮೊದಲ ಪದ, ಕೊನೆಯ ಪದ ಹಾಕುವುದನ್ನೂ ಇದರಿಂದಲೇ ಮಾಡಬಹುದು. ಹೆಡರಿಗಲ್ಲದೆ ಬರಹದ ನಡುವೆಯೇ ವಿಭಾಗದ ಹೆಸರು ಬೇಕಾದರೆ ನೇಮ್‌ರೆಫ್ ಪ್ಯಾಕೇಜು ಸಾಕು. ನಾವು ಡಬ್ಬಿ ಕಿತ್ತುಹಾಕಿ ಹೆಡರಿನಲ್ಲಿ ರೈಟ್‌ಮಾರ್ಕ್ ಹಾಕಿದೆವು. ಒಂದೇ ಪದ.

ಎರಾಸ್ಮಸ್ ಹೋದ ಮರುವರ್ಷ ವೆನಿಸ್ ಮೇಲೆ ಯುದ್ಧ ಬಂತು. ಫ್ರಾನ್ಸ್, ಪೋಪ್, ಜರ್ಮನ್ ಚಕ್ರವರ್ತಿ, ಸ್ಪೇನ್ ಎಲ್ಲ ಒಂದಾಗಿ ಬಿದ್ದರು. 1509ರಲ್ಲಿ ಆಲ್ಡಸ್ ಅಂಗಡಿ ಮುಚ್ಚಿ ಊರು ಬಿಟ್ಟ, 1512ರಲ್ಲಿ ಮರಳಿದ. ಬಂದ ಮೇಲೆ ಕ್ರೀಟ್ ದ್ವೀಪದ ಮಾರ್ಕಸ್ ಮುಸುರಸ್‌ನ ಸಹಾಯದಿಂದ 1513ರಲ್ಲಿ ಪ್ಲೇಟೋನ ಕೃತಿಗಳನ್ನು ಗ್ರೀಕ್‌ನಲ್ಲಿ ಮೊದಲ ಸಲ ಅಚ್ಚಿಗೆ ತಂದ. ಸೊಫೋಕ್ಲಿಸ್, ಅರಿಸ್ಟೊಫೇನಿಸ್, ಥುಸಿಡೈಡಿಸ್, ಹೆರೊಡೋಟಸ್ ಮೂಲದಲ್ಲಿ ಮೊದಲು ಅಚ್ಚಾದದ್ದೂ ಅವನ ಅಂಗಡಿಯಲ್ಲೇ. ಬಾಗಿಲ ಮೇಲೆ ಒಂದು ಫಲಕ ಹಾಕಿದ್ದನಂತೆ: ಬಂದವರು ಕೆಲಸವೇನೆಂದು ಚುಟುಕಾಗಿ ಹೇಳಿ ಹೊರಡಬೇಕು, ಇಲ್ಲವೇ ಕೆಲಸಕ್ಕೆ ಕೈಜೋಡಿಸಬೇಕು. ಪುಸ್ತಕದ ಮೇಲೆ ಅವನ ಮುದ್ರೆ ಲಂಗರಿಗೆ ಸುತ್ತಿಕೊಂಡ ಡಾಲ್ಫಿನ್ ಮೀನು. ಮೀನು ವೇಗಕ್ಕೆ, ಲಂಗರು ನಿಧಾನಕ್ಕೆ.

1985ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪುಟ ವಿನ್ಯಾಸದ ಸಾಫ್ಟ್‌ವೇರ್ ತಂದ ಒಂದು ಕಂಪನಿ ಇವನ ಹೆಸರನ್ನೇ ಇಟ್ಟುಕೊಂಡಿತು. ಸಾಫ್ಟ್‌ವೇರ್ ಪೇಜ್‌ಮೇಕರ್, ಕಂಪನಿ ಆಲ್ಡಸ್. 1994ರಲ್ಲಿ ಅಡೋಬಿ ಅದನ್ನು ಕೊಂಡಿತು. ನಮ್ಮೂರ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕರೆಯೋಲೆ, ಜಾತ್ರೆ ಕರಪತ್ರ, ವಾರಪತ್ರಿಕೆ ಎಲ್ಲ ಎಷ್ಟೋ ವರ್ಷ ಆ ಪೇಜ್‌ಮೇಕರ್‌ನಲ್ಲೇ, ನುಡಿ ಅಕ್ಷರದಲ್ಲಿ ತಯಾರಾದವು. ಒಂದೆರಡು ಕಡೆ ಇನ್ನೂ ಆಗುತ್ತಿವೆ.

ಆಲ್ಡಸ್ ತೀರಿಕೊಂಡದ್ದು 1515ರ ಫೆಬ್ರವರಿ 6ರಂದು. ಸ್ಯಾನ್ ಪಾಟರ್ನಿಯನ್ ಚರ್ಚಿನಲ್ಲಿ ದೇಹವನ್ನಿಟ್ಟು ಸುತ್ತಲೂ ಅವನು ಅಚ್ಚುಹಾಕಿದ ಪುಸ್ತಕಗಳನ್ನು ಜೋಡಿಸಿದರು. ತನ್ನನ್ನು ಕಾರ್ಪಿಯಲ್ಲಿ ಹೂಳಬೇಕೆಂದು ಅವನ ಆಸೆಯಿತ್ತು. ಅಂಗಡಿಯನ್ನು ಮೊದಲು ಮಾವ ಟೊರೆಸಾನಿ, ಆಮೇಲೆ ಮಗ ಪಾವೊಲೊ, ಕೊನೆಗೆ ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಗ ನಡೆಸಿದರು. 1597ರಲ್ಲಿ ಆ ಮೊಮ್ಮಗ ತೀರಿಕೊಂಡ. ಚರ್ಚನ್ನು 19ನೇ ಶತಮಾನದಲ್ಲಿ ಕೆಡವಿದರು. ಆ ಜಾಗ ಈಗ ಮಾನಿನ್ ಚೌಕ, ಒಂದು ಬ್ಯಾಂಕಿನ ಕಟ್ಟಡ ನಿಂತಿದೆ.